ತಪ್ಪು ಹುಡುಕುವ ಭಾವನವರ ಕುರಿತು

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ನನ್ನ ಅಕ್ಕನ ಗಂಡ, ಅರ್ಥಾತ್ ನಮ್ಮ ಭಾವನವರು, ಸರಿಯಾಗಿರುವ ಯಾವ ವಸ್ತುವನ್ನೂ ಸಹಿಸಲಾರರು! ಇದು ದೂರಲ್ಲ, ಅದೇ ಅವರ ಉದ್ಯೋಗ. ಸ್ಕ್ಯಾನ್, ಎಕ್ಸ್‌ರೇಗಳಿಂದ ರೋಗಿಯ ಮೈಗೆ ಈವರೆಗೆ ಎಷ್ಟು ವಿಕಿರಣ ತಗುಲಿದೆಯೆಂದು ಲೆಕ್ಕವಿಡುವ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಲು ಅವರಿಗೆ ಸಂಬಳವಿದೆ. ಪಾಂಡವಪುರದ ಮನೆಯಲ್ಲೇ ಕುಳಿತು ಹುಡುಕುತ್ತಾರೆ. ಸಂಬಳವಿಲ್ಲದ ಕಡೆಯೂ ಹುಡುಕುತ್ತಾರೆಂಬುದೇ ನಮ್ಮ ಸಂಕಟ.

ಒಮ್ಮೆ ನಾವಿಬ್ಬರೂ ಕೆ.ಆರ್.ಪೇಟೆಯ ಬಸ್ಸು ಹತ್ತಿದೆವು. ಭಾವನವರು ಗಂಭೀರವಾಗಿ ಎದುರು ದಿಕ್ಕಿನ ಶ್ರೀರಂಗಪಟ್ಟಣಕ್ಕೆ ಟಿಕೆಟ್ ಕೇಳಿದರು.

"ಬೋರ್ಡ್ ಕಾಣಾಕಿಲ್ವೇನಯ್ಯಾ? ಇಳಿ ಕೆಳಿಕ್ಕೆ!" ಎಂದು ಕಂಡಕ್ಟರು ಗದರಿದೊಡನೆ ಇವರ ಮುಖ ಅರಳಿತು.

"ಪಾಸು ಕಣ್ಲಾ! ತಪ್ಪು ಕೇಳುದ್ರೆ ತಡೀತಾನೆ!"

ಕಂಡಕ್ಟರು ಪಾಸಾದರು; ನಾವು ರಸ್ತೆಯಲ್ಲಿ ಉಳಿದೆವು.

ಸಾಫ್ಟ್‌ವೇರಿನ ಪರೀಕ್ಷೆಗೆ ಬೇಕಾದ ಸುಳ್ಳು ರೋಗಿಗಳಿಗೆ ಅವರು ಇಡುವುದು ಬಂಧುಬಳಗದ ಹೆಸರನ್ನೇ. "ನಿನ್ನ ತೂಕ ಟ್ರಾಕ್ಟರಿನಷ್ಟು ಅಂತ ಹಾಕ್ದೆ ಕಣ್ಲಾ. ಸಾಫ್ಟ್‌ವೇರು ಒಪ್ಕೊಂಡ್‌ಬುಡ್ತು!" ಎಂದು ನನಗೆ ವರದಿ ಮಾಡಿದರು.

"ಅದ್ರಲ್ಲಿ ತಪ್ಪೇನೈತೆ?" ಎಂದಳು ಅಕ್ಕ.

ಹೀಗಿರುವಲ್ಲಿ, ಹೊಣಕೆರೆಯಲ್ಲಿರುವ ನಮ್ಮ ತಾಯಿಯವರು ಕೊಟ್ಟಿಗೆಯಲ್ಲಿ ಜಾರಿಬಿದ್ದರು. ನೆರೆಯವರು ನಾಗಮಂಗಲದ ಆಸ್ಪತ್ರೆಗೆ ಒಯ್ದು ತಲೆಯ ಸ್ಕ್ಯಾನ್ ಮಾಡಿಸಿದರು. ವಾರದೊಳಗೆ ತಲೆಸುತ್ತು ಬಂದಾಗ, ನಾವು ಅದೇ ಆಸ್ಪತ್ರೆಯ ಶ್ರೀರಂಗಪಟ್ಟಣದ ಶಾಖೆಗೆ ಕರೆತಂದೆವು. ಗುಮಾಸ್ತರು ಆಧಾರ್ ಕಾರ್ಡು ನೋಡಿ, "ತಾಯಮ್ಮ ಅನ್ನೋರ ಹೆಸ್ರಲ್ಲಿ ಹಳೇದೇನೂ ಇಲ್ಲ. ಇನ್ನೊಂದ್ಸಲ ತೆಗ್ಸಿ" ಎಂದರು. ನಾವೆಲ್ಲ ಒಪ್ಪಿ ತಲೆಯಾಡಿಸಿದೆವು. ಭಾವನವರು ಮಾತ್ರ ಸ್ಕ್ಯಾನ್ ಕೋಣೆಯ ಬಾಗಿಲಿಗೇ ಅಡ್ಡ ನಿಂತರು!

"ಸುಮ್‌ಸುಮ್ನೆ ಎರಡ್ನೇ ಸಲ ಯಾಕೆ? ಅತ್ತೆಮ್ಮ, ನಾಗಮಂಗ್ಲದಲ್ಲಿ ಏನಂತ ಹೆಸ್ರೇಳುದ್ರಿ?"

"ಕೆಂಪಮ್ಮ ಅಂತ. ಇನ್ನೇನು, ನಮ್ಮತ್ತೆ ಹೆಸ್ರ ನಾನೇ ಬಾಯಿಬುಟ್ಟು ಹೇಳೀನಾ ಅಳಿಮಯ್ಯ?"

ನಮ್ಮ ಅಜ್ಜಿಯ ಹೆಸರೂ ತಾಯಮ್ಮ. ಅತ್ತೆಯ ಹೆಸರನ್ನು ಸೊಸೆ ನುಡಿಯಬಾರದೆಂದು, ಮದುವೆಯಾದಂದಿನಿಂದ ತಾಯಿಯವರು ತಮ್ಮ ಹೆಸರನ್ನೇ ನುಡಿದವರಲ್ಲ; ಕೇಳಿದವರಿಗೆಲ್ಲ ಕೆಂಪಮ್ಮ ಎನ್ನುತ್ತಾರೆ! ಕೆಂಪಮ್ಮನ ಹೆಸರಿನಲ್ಲಿ ಹುಡುಕಿದಾಗ ಹಳೆಯ ಚಿತ್ರಗಳು ಸಿಕ್ಕವು. ವೈದ್ಯರು ನೋಡಿ, ಇವೇ ಸಾಕು, ಗಾಬರಿಪಡುವಂಥದ್ದೇನಿಲ್ಲ ಎಂದು ಮಾತ್ರೆ ಬರೆದರು.

ಮನೆಗೆ ಮರಳಿದ ಮೇಲೆ ತಾಯಿಯವರು ಕೇಳಿದರು: "ಎಲ್ರುನ್ನೂವೆ ರೋಗಿ ಮಾಡಿದ್ದೀರಂತೆ. ನನ್ನ ಯಾವ ಹೆಸ್ರಲ್ಲಿ ಹಾಕಿದ್ದೀರಿ?"

ಭಾವನವರು ಕಾಫಿಲೋಟದೊಳಕ್ಕೆ ನೋಡುತ್ತ, ತಪ್ಪು ಸಿಕ್ಕಿಬಿದ್ದವರಂತೆ ತಡವರಿಸಿದರು.

"ಹಾಕಿಲ್ಲ. ಸುಳ್ಳಿಗಾದ್ರೂ ನಿಮ್ಮನ್ನ ಆ ಮಿಷಿನ್ನೊಳಕ್ಕೆ ಕಳ್ಸಕ್ಕೆ ಮನ್ಸು ಬರ್ನಿಲ್ಲ ಕಣವ್ವ."