ಕಿವಿಯಂತ್ರದ ಪಾಲುಪಾರಿಕತ್ತು

ಶಿಸ್ತಿರುವ ಮನೆಗೆ ಕೊರೋನಾ ಬರುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಅರಸೀಕೆರೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೆಡ್‌ಮಿಸ್ ಆಗಿ ನಿವೃತ್ತಳಾದವಳು ನಾನು. ನಮ್ಮ ಮನೆಯಲ್ಲಿ ಕಷಾಯಕ್ಕೂ ಒಂದು ಪಿರಿಯಡ್ ಇದೆ!

ಆದರೆ ಮೊದಲು ಕಿವಿಯ ವಿಷಯ ಹೇಳಬೇಕು. ವಯಸ್ಸಾಗಿ ನನಗೂ ಯಜಮಾನರಿಗೂ ಕಿವಿ ಮಂದವಾಗಿತ್ತು. ಪರೀಕ್ಷೆಗೆ ಹೋದವರು ಮಾತ್ರ ಅವರೊಬ್ಬರೇ. ಒಂದು ಜೊತೆ ಕಿವಿಯಂತ್ರ ಮನೆಗೆ ಬಂತು.

“ನನಗೆ?” ಎಂದೆ.

“ಮಂಡೀಲಿ ಕೊಬ್ಬರಿ ಹರಾಜು ಕೂಗೋದು ನನಗಲ್ವೇನೇ ಕೇಳಿಸ್ಬೇಕು? ಅಡುಗೆಮನೇಲಿ ನಿನಗೇನೈತೆ? ಕುಕ್ಕರ್ ಕೂಗಿದ್ದು ಹೆಂಗೂ ಕೇಳಿಸ್ತದೆ.”

ಅಡುಗೆ ಮಾಡುವವಳಿಗೆ ಕಿವಿ ಬೇಡವಂತೆ! ಅಲ್ಲೇ ತೀರ್ಪು ಕೊಟ್ಟೆ: ಯಂತ್ರ ಎರಡು, ಜನ ಇಬ್ಬರು, ತಲೆಗೊಂದು. ಎಡಗಿವಿಯದನ್ನು ಅವರಿಂದ ಕಿತ್ತು ನನ್ನ ಕಿವಿಗೆ ಸಿಕ್ಕಿಸಿಕೊಂಡೆ. ಯಂತ್ರ ಮಾರಿದ ಅಂಗಡಿಯವನು, “ಅವು ಜೋಡಿ ಕಣಮ್ಮ, ಫೋನ್ ಬಂದ್ರೆ ಮಾತು ನೇರ ಎರಡಕ್ಕೂ ಹೋಗ್ತದೆ, ಹಂಚ್ಕೋಬ್ಯಾಡಿ” ಎಂದ. ನ್ಯಾಯದ ವಿಷಯದಲ್ಲಿ ಅಂಗಡಿಯವನದೇನು ಮಾತು!

ಅಷ್ಟರಲ್ಲಿ ಯಜಮಾನರಿಗೆ ಕೊರೋನಾ ತಗುಲಿತು. ಮುಂದಿನ ಕೋಣೆಯಲ್ಲಿ ಅವರನ್ನು ಮಲಗಿಸಿ, ಬಾಗಿಲಲ್ಲಿ ಸ್ಟೂಲಿಟ್ಟು, ಗಂಟೆ ಹೊಡೆದರೆ ಗಂಜಿ ಎಂದು ಕಾನೂನು ಮಾಡಿದೆ. ಕೆಲವೇ ದಿನಕ್ಕೆ ನನಗೂ ಮೈ ಸುಡತೊಡಗಿತು. ಸುಡಲಿ! ಸೆರಗು ಸಿಕ್ಕಿಸಿ ರಾಗಿ ಗಂಜಿ ತಿರುವುತ್ತಿದ್ದೆ.

ಆಗ ನನ್ನ ತಲೆಯೊಳಗೆ ಒಬ್ಬ ಗಂಡಸು ಮಾತಾಡಿದ!

“ಉಸಿರಾಟ ಹೇಗಿದೆ?”

ಸುತ್ತ ನೋಡಿದೆ. ಯಾರೂ ಇಲ್ಲ. ಮಾಲೇಕಲ್ಲು ವೆಂಕಟರಮಣನೇ ವಿಚಾರಿಸುತ್ತಿದ್ದಾನೆ ಎಂದು ರೋಮಾಂಚನವಾಯಿತು. “ಸ್ವಲ್ಪ ಕಷ್ಟ ಇದೆ, ಸ್ವಾಮಿ” ಎಂದು ಸೌಟು ಹಿಡಿದೇ ಕೈಮುಗಿದೆ.

“ಒಳ್ಳೇದು. ಮೋಷನ್ ಸರಿಯಾಗಿ ಆಯ್ತಾ?”

ದೇವರು ಇದನ್ನೆಲ್ಲ ಕೇಳುವುದಿಲ್ಲ. ಇದು ಡಾಕ್ಟರು! ಯಜಮಾನರಿಗೆ ಬಂದ ಫೋನು ನನ್ನ ಎಡಗಿವಿಯಲ್ಲೂ ಮಾತಾಡುತ್ತಿದೆ!

“ಮನೇಲಿ ಅಮ್ಮ ಹೇಗಿದ್ದಾರೆ? ಓ, ಗಟ್ಟಿಯಾಗಿದ್ದಾರಾ? ಹಾಗಾದ್ರೆ ಅವರಿಗೆ ಟೆಸ್ಟ್ ಬೇಡ ಬಿಡಿ. ನಿಮ್ಮನ್ನ ನೋಡ್ಕೊಳ್ಳೋಕೆ ಒಬ್ಬರು ಬೇಕಲ್ಲ!”

ನನ್ನ ರಕ್ತ ಕುದಿಯಿತು. ಗಂಜಿಯೂ ಉಕ್ಕಿತು.

“ಯಾರ್ರೀ ಹೇಳಿದ್ದು ನಾನು ಗಟ್ಟಿ ಅಂತ?” ಎಂದು ಕಿರುಚಿದೆ. ಯಂತ್ರಕ್ಕೆ ಕೇಳಿಸಲು ಬರುತ್ತದೆ, ತಲುಪಿಸಲು ಬರುವುದಿಲ್ಲ. ಡಾಕ್ಟರಿಗೆ ಮುಟ್ಟದ ಮಾತು ಪಕ್ಕದ ಮನೆಯ ಪಾರ್ವತಮ್ಮನಿಗೆ ಮುಟ್ಟಿತು.

“ಯಾಕ್ರೀ ಮಿಸ್, ಒಬ್ರೇ ಯಾರಿಗೆ ಬೈತಾ ಇದೀರಾ?”

ಉತ್ತರಿಸಲು ಪುರುಸೊತ್ತಿಲ್ಲ. ಸೌಟು ಸಮೇತ ಓಡಿದೆ. ನಾನೇ ಇಟ್ಟ ಸ್ಟೂಲನ್ನು ನಾನೇ ಎಡವಿದೆ. ಅದರ ಮೇಲಿಟ್ಟಿದ್ದ ಕಷಾಯವೆಲ್ಲ ಕೋಣೆಯ ಪಾಲಾಯಿತು. ನನ್ನ ಕಾನೂನನ್ನು ನಾನೇ ಮುರಿದು ಒಳನುಗ್ಗಿ ಫೋನು ಕಸಿದುಕೊಂಡೆ.

“ಡಾಕ್ಟ್ರೇ, ಸೇವೆ ಮಾಡೋವ್ರಿಗೆ ಕಾಯಿಲೆ ಬರಬಾರದು ಅಂತ ಆರ್ಡರ್ ಆಗಿದೆಯಾ? ನನಗೆ ಜ್ವರ! ಮೇಲುಸಿರು! ನಾನೂ ಮನುಷ್ಯಳೇ ಅಲ್ವೇನ್ರೀ? ಈ ಮಹಾನುಭಾವರು ಒಂದು ಮಾತು ಹೇಳಬಾರದಿತ್ತಾ?”

ಡಾಕ್ಟರು ಗಾಬರಿಯಾದರು. “ಅಯ್ಯೋ ಅಮ್ಮ, ಈಗಲೇ ಟೆಸ್ಟಿಗೆ ಜನ ಕಳಿಸ್ತೀನಿ, ನೀವು ಮಲಗಿ. ಜ್ವರ ಯಾವಾಗಿಂದ?”

“ನಿನ್ನೆಯಿಂದ!”

“ಯಜಮಾನರಿಗೆ ಹೇಳಿದ್ರಾ?”

ಸೌಟನ್ನು ಸೆರಗಿಗೆ ಒರೆಸತೊಡಗಿದೆ. ಅವರ ಮಾತ್ರೆ, ಅವರ ಕಷಾಯ, ಅವರ ಹಬೆ, ಎಲ್ಲಕ್ಕೂ ವೇಳಾಪಟ್ಟಿಯಲ್ಲಿ ಜಾಗ ಮಾಡಿದ್ದೆ. ನನ್ನ ಜ್ವರಕ್ಕೆ ನಾನೇ ಪಿರಿಯಡ್ ಕೊಟ್ಟಿರಲಿಲ್ಲ!

ಫೋನು ನನ್ನ ಕೈಯಲ್ಲಿದ್ದರೇನು, ಪ್ರಶ್ನೆ ಅವರ ಬಲಗಿವಿಗೂ ಬಿದ್ದಿತ್ತು. ಕಂಬಳಿಯೊಳಗಿಂದ ಒಂದು ಕೈ ನಿಧಾನವಾಗಿ ಮೇಲೆದ್ದಿತು.

“ಮಿಸ್, ಅದಕ್ಕೆ ಉತ್ತರ ನಾನು ಹೇಳ್ಲಾ?”