ಜಾವಗಲ್ಲಿನ ಸಂಬಂಧ

ಶರತ್ಚಂದ್ರನ ಪೇಚಾಟಕ್ಕೆಲ್ಲ ಮೂಲ, ಅವನು ಮೈಸೂರಿಗೆ ಹೋಗಿ ಬಂದದ್ದು.

ಅರಸೀಕೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಅವನು ಅರ್ಥಶಾಸ್ತ್ರದ ತಾತ್ಕಾಲಿಕ ಮೇಷ್ಟ್ರು. ಸೇರಿ ಎಂಟು ವರ್ಷವಾದರೂ ‘ತಾತ್ಕಾಲಿಕ’ ಎಂಬ ಮಾತು ಮಾತ್ರ ಅವನಿಗೆ ಖಾಯಮ್ಮಾಗಿ ಅಂಟಿಕೊಂಡಿತ್ತು. ದೇಣಿಗೆ ಎತ್ತುವುದು ಹೇಗೆಂದು ಕಾಲೇಜು ಸಿಬ್ಬಂದಿಗೆ ಕಲಿಸುವ ಶಿಬಿರವೊಂದು ಮೈಸೂರಿನಲ್ಲಿ ಏರ್ಪಾಡಾದಾಗ, ಭಾನುವಾರ ಹಾಳಾಗುತ್ತದೆಂದು ಉಳಿದವರೆಲ್ಲ ಸೊಂಟನೋವು, ನಾದಿನಿಯ ಸೀಮಂತ ಎಂದು ಜಾರಿಕೊಂಡರು. ಶರತ್ಚಂದ್ರನ ಸೊಂಟ ಗಟ್ಟಿಯಾಗಿತ್ತು. ಮದುವೆಯೇ ಆಗಿಲ್ಲದ್ದರಿಂದ ನಾದಿನಿಯೂ ಇರಲಿಲ್ಲ. ಹೋದ.

ಅಲ್ಲಿ ಕೋಟು ತೊಟ್ಟ ಮಹನೀಯರೊಬ್ಬರು ಬೆವರೊರೆಸಿಕೊಳ್ಳುತ್ತಾ ಹೇಳಿದ್ದಿಷ್ಟು: “ದಾನಿಗಳ ಮನೆಗೆ ಬರಿಗೈಲಿ ಹೋಗಬೇಡಿ. ಮೊದಲ ಸಲವೇ ದುಡ್ಡಿನ ಮಾತು ಎತ್ತಲೇಬೇಡಿ. ಮನೆಮಂದಿಯನ್ನು ವಿಚಾರಿಸಿಕೊಳ್ಳಿ. ಅವರು ಏನು ಕೇಳಿದರೂ ಮುಚ್ಚುಮರೆಯಿಲ್ಲದೆ ಹೇಳಿ. ಮುಖ್ಯವಾಗಿ, ಸಂಬಂಧ ಬೆಳೆಸಿ!”

ಶರತ್ಚಂದ್ರ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡು ಬಂದ.

ಬಂದವನನ್ನು ಪ್ರಿನ್ಸಿಪಾಲ್ ಗುರುಶಾಂತಪ್ಪನವರು ಕೂರುವುದಕ್ಕೂ ಬಿಡಲಿಲ್ಲ. “ಮುಂದಿನ ತಿಂಗಳು ಯೂನಿವರ್ಸಿಟಿಯೋರು ತಪಾಸಣೆಗೆ ಬರ್ತಾರೆ. ಲೈಬ್ರರಿ ಕಟ್ಟಡ ಎಲ್ಲಿ ಅಂದ್ರೆ ಸೈಕಲ್ ಸ್ಟ್ಯಾಂಡ್ ತೋರಿಸ್ಲೇನ್ರೀ? ಜಾವಗಲ್ಲಿನಲ್ಲಿ ಷಡಕ್ಷರಪ್ಪ ಅಂತ ಕೊಬ್ಬರಿ ಸಾಹುಕಾರ್ರು ಇದ್ದಾರೆ. ಕಲಿತದ್ದೆಲ್ಲ ಅಲ್ಲಿ ತೋರಿಸಿ. ಕಟ್ಟಡ ಎದ್ದರೆ ನೀವು ಖಾಯಂ. ಇಲ್ಲದಿದ್ದರೆ ಕಾಲೇಜೂ ಇಲ್ಲ, ನೀವೂ ಇಲ್ಲ.”

ಮಾರನೆಯ ಬೆಳಗ್ಗೆ ಶರತ್ಚಂದ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ, ಬಾಳೆಹಣ್ಣು, ವೀಳ್ಯದೆಲೆ, ಒಂದು ಮೊಳ ಮಲ್ಲಿಗೆ, ಮೇಲೊಂದು ತೆಂಗಿನಕಾಯಿ ತುಂಬಿದ ಬುಟ್ಟಿ ಹಿಡಿದು ಜಾವಗಲ್ ಬಸ್ ಸ್ಟ್ಯಾಂಡಿನಲ್ಲಿ ಇಳಿದ. ಕೊಬ್ಬರಿ ಸಾಹುಕಾರರ ಮನೆಗೆ ತೆಂಗಿನಕಾಯಿ ಒಯ್ಯುವುದು ಸಮುದ್ರಕ್ಕೆ ಉಪ್ಪು ಹೊತ್ತಂತೆ ಎಂದು ಹೊಳೆದದ್ದು ಇಳಿದ ಮೇಲೆ.

“ಯಾರ ಮನೆಗಪ್ಪಾ?” ಎಂದು ಕೇಳಿತು ಒಂದು ದನಿ. ಷಡಕ್ಷರಪ್ಪನವರ ಪಕ್ಕದ ಮನೆಯ ಸಾವಿತ್ರಮ್ಮ. ಊರಿಗೆ ಇಳಿದವರಾರೂ ಆಕೆಗೆ ಲೆಕ್ಕ ಒಪ್ಪಿಸದೆ ಮುಂದೆ ಹೋಗುವಂತಿರಲಿಲ್ಲ.

“ಷಡಕ್ಷರಪ್ಪನವರ ಮನೆಗಮ್ಮ. ಅರಸೀಕೆರೆ ಕಾಲೇಜಿನ ಮೇಷ್ಟ್ರು ನಾನು.”

“ಏನಿಸ್ಯ?”

ದುಡ್ಡಿನ ಮಾತು ಎತ್ತಬಾರದು. “ಏನಿಲ್ಲ, ಹೊಸದಾಗಿ ಸಂಬಂಧ ಬೆಳೆಸೋಣ ಅಂತ.”

ಸಾವಿತ್ರಮ್ಮ ಬುಟ್ಟಿಯನ್ನೂ ಮಲ್ಲಿಗೆಯನ್ನೂ ಅವನ ಕ್ರಾಪನ್ನೂ ನೋಡಿದರು. “ಒಬ್ನೇ ಬಂದಿದ್ದೀಯಾ? ದೊಡ್ಡೋರು ಯಾರೂ ಬರ್ನಿಲ್ವಾ?”

“ದೊಡ್ಡೋರು ಆಮೇಲೆ ಬರ್ತಾರೆ. ಮೊದಲು ನಾನು ನೋಡ್ಕೊಂಡು ಬರ್ತೀನಿ ಅಂದೆ.”

“ಕಾಲ ಕೆಟ್ಟೋಯ್ತು ಬುಡು” ಎಂದು ಸಾವಿತ್ರಮ್ಮ ಸೀರೆ ಎತ್ತಿ ಕಟ್ಟಿ ಓಣಿ ಹಿಡಿದರು. ಅರವತ್ತು ದಾಟಿದ ಆ ಕಾಲುಗಳಿಗೆ ಅದೆಲ್ಲಿಂದ ಬಂತೋ ಆ ಓಟ. ಅವನು ವಿಳಾಸ ಕೇಳಿಕೊಂಡು ಮನೆ ಮುಟ್ಟುವ ಹೊತ್ತಿಗೆ ಅಂಗಳಕ್ಕೆ ನೀರು ಬಿದ್ದಿತ್ತು, ಪಡಸಾಲೆಯಲ್ಲಿ ಜಮಖಾನ ಹಾಸಿತ್ತು, ಒಳಗಿನಿಂದ ರವೆ ಹುರಿಯುವ ಘಮ ಬರುತ್ತಿತ್ತು. ಕಿಟಕಿಯ ಸರಳುಗಳ ನಡುವೆ ಬೀದಿಯ ಹೆಂಗಸರ ಮುಖಗಳು ಜೋಳಿಗೆಯ ನಿಂಬೆಹಣ್ಣಿನಂತೆ ಒತ್ತಿಕೊಂಡಿದ್ದವು.

ಆಹಾ, ಕಾಲೇಜಿನ ಹೆಸರಿಗೆ ಎಂಥ ಮರ್ಯಾದೆ ಎಂದುಕೊಂಡ ಶರತ್ಚಂದ್ರ.

ಷಡಕ್ಷರಪ್ಪನವರು ದಪ್ಪ ಮೀಸೆಯ, ಮೆಲ್ಲನೆ ಮಾತಾಡುವ ಮನುಷ್ಯ. ಬುಟ್ಟಿಯನ್ನು ಮುಟ್ಟಲೋ ಬೇಡವೋ ಎಂದು ನೋಡಿ, ಹೆಂಡತಿ ಶಾಂತಾದೇವಿಯವರ ಕಡೆ ತಿರುಗಿದರು. ಆಕೆ ಕಣ್ಣಲ್ಲೇ ‘ಕೇಳಿ, ಕೇಳಿ’ ಎಂದರು.

“ಯಾವ ಮಠದೋರು ನೀವು?”

ಹೇಳಿದ.

“ಕೆಲಸ ಖಾಯಮ್ಮಾ?”

“ಇನ್ನೂ ಇಲ್ಲ ಸಾರ್. ಅದು ಈಗ ನಿಮ್ಮ ಕೈಲೇ ಇದೆ” ಎಂದ ಶರತ್ಚಂದ್ರ, ಮನಸಾರೆ.

ಷಡಕ್ಷರಪ್ಪನವರಿಗೆ ಕೆಮ್ಮು ಬಂತು. “ನಮ್ಮ ಕೈಲಾ? ಆಗ್ಲಿ, ಸಂಬಳ ಹೆಂಗೆ?”

ಮುಚ್ಚುಮರೆ ಕೂಡದು. ಸಂಬಳ ಹೇಳಿದ. ಕಿಟಕಿಯಲ್ಲಿ ಯಾರೋ “ಅಯ್ಯೋ ಶಿವನೇ” ಎಂದರು.

“ಸ್ವಂತ ಮನೆ ಐತಾ?”

“ಬಾಡಿಗೆ ರೂಮು ಸಾರ್. ಮಳೆ ಬಂದರೆ ಸ್ವಲ್ಪ ಸೋರುತ್ತೆ.” ಎಲ್ಲ ಹೇಳಿಯಾಯಿತು, ಇನ್ನು ಮನೆಮಂದಿಯನ್ನು ವಿಚಾರಿಸಿಕೊಳ್ಳುವ ಸರದಿ ಎಂದು ಅವನು ಮುಂದಕ್ಕೆ ಸರಿದು ಕೂತ. “ಮಕ್ಕಳೆಷ್ಟು ಸಾರ್ ನಿಮಗೆ?”

“ಒಬ್ಳೇ ಮಗಳು ಕಣಪ್ಪಾ” ಎಂದು ಬಾಗಿಲ ಮರೆಯಿಂದ ಸಾವಿತ್ರಮ್ಮನೇ ಉತ್ತರ ಕೊಟ್ಟರು. “ತೋಟ, ಮಂಡಿ ಎಲ್ಲಾ ಅವಳ್ದೇಯ!”

“ಬಹಳ ಸಂತೋಷ!” ಎಂದ ಶರತ್ಚಂದ್ರ, ಮುಖ ಅರಳಿಸಿ.

ಷಡಕ್ಷರಪ್ಪನವರ ಮೀಸೆ ಜೋಲಿತು. ಶಾಂತಾದೇವಿಯವರು ಸೆರಗಿನಿಂದ ಗಾಳಿ ಹಾಕಿಕೊಂಡರು. ಉಪ್ಪಿಟ್ಟು ಬಂತು, ಪಕ್ಕದಲ್ಲಿ ಕೇಸರಿಬಾತು. ಅದರ ಹಿಂದೆಯೇ ರೇಷ್ಮೆ ಸೀರೆ ಉಟ್ಟು, ಮುಡಿ ತುಂಬ ಹೂವು ಮುಡಿದು, ಕಾಫಿ ತಟ್ಟೆ ಹಿಡಿದು, ತಲೆ ಬಗ್ಗಿಸಿಕೊಂಡು ಮಗಳು ಅರುಣಾ ಬಂದಳು.

ಶರತ್ಚಂದ್ರನ ಬಾಯಿಗೆ ಹೋಗುತ್ತಿದ್ದ ಉಪ್ಪಿಟ್ಟು ದಾರಿಯಲ್ಲೇ ನಿಂತಿತು. ಉಪ್ಪಿಟ್ಟು, ಕೇಸರಿಬಾತು, ರೇಷ್ಮೆ ಸೀರೆ, ಕಿಟಕಿ ತುಂಬ ಹೆಂಗಸರು. ಇದು ಹೆಣ್ಣು ತೋರಿಸುವ ಶಾಸ್ತ್ರ! ಈಗ ಅಲ್ಲ ಎಂದರೆ, ಹೆಣ್ಣನ್ನು ಶೃಂಗಾರ ಮಾಡಿ ಹೊರಗೆ ಕರೆಸಿ ಬೇಡವೆಂದ ಎಂದು ಬೀದಿಯವರೆಲ್ಲ ಸೇರಿ ತೆಂಗಿನ ಮಟ್ಟೆಯಲ್ಲಿ ಬಾರಿಸುತ್ತಾರೆ. ಹೌದು ಎನ್ನೋಣವೆಂದರೆ...

ಹೌದು ಎನ್ನೋಣವೆಂದರೆ ಹುಡುಗಿ ಚೆನ್ನಾಗಿದ್ದಳು. ಮೂವತ್ತಾರು ದಾಟುತ್ತಿದ್ದ ಶರತ್ಚಂದ್ರನಿಗೆ, ಒಂದೇ ಒಂದು ಗಳಿಗೆ, ಸೋರದ ಸೂರಿನ ಕೆಳಗೆ ಇಬ್ಬರೂ ಕಾಫಿ ಕುಡಿಯುತ್ತಿರುವಂತೆ ಕಂಡಿತು.

“ಏನಾದ್ರೂ ಕೇಳೋದಿದ್ರೆ ಕೇಳವ್ವ” ಎಂದರು ಷಡಕ್ಷರಪ್ಪ, ಮುಳುಗುವವನು ಹುಲ್ಲು ಹಿಡಿದಂತೆ ಮಗಳನ್ನು ಹಿಡಿದುಕೊಂಡು.

ಅರುಣಾ ತಲೆ ಎತ್ತಿದಳು. “ನಿಮ್ಮ ಕಾಲೇಜಲ್ಲಿ ಒಳ್ಳೇ ಲೈಬ್ರರಿ ಇದೆಯಾ?”

“ಇಲ್ಲ!” ಎಂದು ಶರತ್ಚಂದ್ರ ತಟ್ಟೆಸಮೇತ ಎದ್ದು ನಿಂತ. “ಇಲ್ಲಮ್ಮಾ! ಅದಕ್ಕೇ ನಾನು ಬಂದದ್ದು! ಸಾರ್, ತಪ್ಪು ತಿಳೀಬೇಡಿ, ಲೈಬ್ರರಿಗೆ ಒಂದು ಕಟ್ಟಡ ಬೇಕು. ದೇಣಿಗೆ ಕೇಳೋಕೆ ಬಂದೆ. ಮೊದಲ ಸಲ ದುಡ್ಡು ಕೇಳಬಾರದು, ಸಂಬಂಧ ಬೆಳೆಸಬೇಕು ಅಂತ ಮೈಸೂರಲ್ಲಿ ಹೇಳಿಕೊಟ್ಟಿದ್ರು. ಹಾಳಾದ ಆ ಮಾತು ಹೀಗಾಯ್ತು. ಬೇಕಾದರೆ ಹೊಡೀರಿ!”

ಷಡಕ್ಷರಪ್ಪನವರ ಎದೆಯಿಂದ, ಲಾರಿಯ ಗಾಳಿ ಬಿಟ್ಟಂತೆ ಒಂದು ದೊಡ್ಡ ಉಸಿರು ಹೊರಟಿತು.

“ಅಂದ್ರೆ ಬರೀ ದುಡ್ಡಾ?”

“ಬರೀ ದುಡ್ಡು ಸಾರ್.”

“ಮೊದ್ಲೇ ಹೇಳಾದಲ್ವೇನ್ರೀ! ನನ್ನ ಜೀವ ಬಾಯಿಗೆ ಬಂದಿತ್ತು. ಶಾಂತಾ, ಮೇಷ್ಟ್ರಿಗೆ ಇನ್ನೊಂಚೂರು ಕೇಸರಿಬಾತ್ ಹಾಕೇ! ಒಂದು ಕಟ್ಟಡ ತಾನೇ? ಕಟ್ಟಿಸ್ಕೊಡ್ತೀನಿ ಹೋಗ್ರೀ, ನಮ್ಮಪ್ಪನ ಹೆಸ್ರಲ್ಲಿ!”

ಶಾಂತಾದೇವಿಯವರು ದೇವರ ಮನೆಯ ಕಡೆ ಕೈಮುಗಿದರು. ಅರುಣಾ ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೋಡಿದಳು. ಸಾವಿತ್ರಮ್ಮನೊಬ್ಬರ ಮುಖ ಮಾತ್ರ ಸಣ್ಣಗಾಗಿತ್ತು. ಶರತ್ಚಂದ್ರನಿಗೂ ಬದುಕಿದೆ ಎನ್ನಿಸಿತು. ತನ್ನನ್ನು ಅಳಿಯ ಮಾಡಿಕೊಳ್ಳುವುದಕ್ಕಿಂತ ಒಂದು ಕಟ್ಟಡ ಕಟ್ಟಿಸಿಕೊಡುವುದೇ ವಾಸಿ ಎಂದು ಇವರೆಲ್ಲ ಇಷ್ಟೊಂದು ಖುಷಿಪಡಬೇಕಾಗಿರಲಿಲ್ಲ ಎಂದೂ ಅನ್ನಿಸಿತು. ಆದರೆ ಕೇಸರಿಬಾತು ಚೆನ್ನಾಗಿತ್ತು.

ಹಗುರಾದ ಷಡಕ್ಷರಪ್ಪನವರು ಕಾಲೇಜಿನ ಬಗ್ಗೆ ಬಿಡಿಸಿ ಬಿಡಿಸಿ ಕೇಳಿದರು. ಪ್ರಿನ್ಸಿಪಾಲರು ಎಂಥವರು? ಅವರು ಯಾವ ಮಠದೋರು? ಮಕ್ಕಳು? ದಾನಿಗಳಿಗೆ ಸಂಸ್ಥೆಯ ಮೇಲೆ ಎಷ್ಟು ಆಸ್ಥೆ ಎಂದು ಶರತ್ಚಂದ್ರ ಉಬ್ಬಿ ಹೋಗಿ ಎಲ್ಲವನ್ನೂ ಹೇಳಿದ. ಪ್ರಿನ್ಸಿಪಾಲರು ದೇವರಂಥವರು, ಇಬ್ಬರು ಮಕ್ಕಳಲ್ಲಿ ಹಿರಿಯವನಾದ ಮಗ ಹಾಸನದಲ್ಲಿ ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರು, ಅಪ್ಪನಂತೆಯೇ ಸಾಧು, ಇನ್ನೂ ಮದುವೆಯಾಗಿಲ್ಲ.

ಬಸ್ಸಿನ ಕಿಟಕಿಗೆ ತಲೆಯಾನಿಸಿ, ಖಾಯಂ ಆದ ಮೇಲೆ ಹಿಡಿಯಬೇಕಾದ ಮನೆಗೆ ಮನಸ್ಸಿನಲ್ಲೇ ಸುಣ್ಣ ಹೊಡೆಸುತ್ತಾ ಅವನು ಅರಸೀಕೆರೆಗೆ ಬಂದ. ನೇರವಾಗಿ ಪ್ರಿನ್ಸಿಪಾಲರ ಮನೆಗೆ ಹೋದ. ಗುರುಶಾಂತಪ್ಪನವರು ಬಾಗಿಲಲ್ಲೇ ತಬ್ಬಿಕೊಂಡರು.

“ಭೇಷ್ ಕಣ್ರೀ! ಷಡಕ್ಷರಪ್ಪನವರು ಆಗಲೇ ಫೋನ್ ಮಾಡಿದ್ರು.”

“ಕಟ್ಟಡದ ವಿಷಯ ಹೇಳಿದ್ರಾ ಸಾರ್?”

“ಹೇಳಿದ್ರು. ಜೊತೆಗೆ ಅವರ ಹುಡುಗೀನ ನಮ್ಮ ಹುಡುಗನಿಗೆ ತಗೊಳ್ತೀರಾ ಅಂತಾನೂ ಕೇಳಿದ್ರು. ನಾಡಿದ್ದು ನೋಡೋಕೆ ಹೊರಟಿದ್ದೀವಿ. ನಿಮ್ಮನ್ನ ಹೆಂಗೆ ಹೊಗಳಿದ್ರು ಅಂತೀರಿ!”

“ಸಂತೋಷ ಸಾರ್. ಕಟ್ಟಡದ ಕೆಲಸ ಯಾವಾಗ ಶುರು?”

“ಎಲ್ಲಿಯ ಕಟ್ಟಡ?” ಗುರುಶಾಂತಪ್ಪನವರಿಗೆ ಗಾಬರಿಯಾಯಿತು. “ಬೀಗರಾಗೋರ ಹತ್ರ ದೇಣಿಗೆ ಇಸ್ಕೊಳ್ಳೋಕಾಗುತ್ತೇನ್ರೀ? ಕಾಲೇಜಿನ ಹೆಸರಲ್ಲಿ ಮಗನಿಗೆ ವರದಕ್ಷಿಣೆ ಹೊಡೆದ ಅಂತಾರೆ ಜನ. ನಿಮ್ಮ ಒಂದು ಪೈಸೆಯೂ ಬೇಡ ಅಂತ ಖಂಡಿತವಾಗಿ ಹೇಳಿಬಿಟ್ಟೆ. ಕೇಳಿ ಅವರಿಗೂ ಎಷ್ಟು ನಿರಾಳವಾಯ್ತು ಗೊತ್ತಾ!”

ಶರತ್ಚಂದ್ರ ಮೆಟ್ಟಿಲ ಮೇಲೆ ಕೂತ.

“ಹಂಗೆ ಕೂತರೆ ಹೆಂಗೆ? ತಪಾಸಣೆ ಹತ್ರ ಬಂತು. ಹಳೇಬೀಡಲ್ಲಿ ಒಬ್ರು ಸಾಹುಕಾರ್ರು ಇದ್ದಾರೆ, ಬೆಳಗ್ಗೆ ಬಸ್ಸಿಗೆ ಹೊರಡಿ.”

“ಸಾರ್” ಎಂದ ಶರತ್ಚಂದ್ರ ಮೆಲ್ಲಗೆ, “ಅವರಿಗೆ ಮದುವೆಗೆ ಬಂದ ಹೆಣ್ಣುಮಕ್ಕಳು ಇದ್ದಾರಾ?”

“ಇಲ್ಲ ಕಣ್ರೀ. ಮೂರೂ ಗಂಡೇ.”

“ಅಬ್ಬ” ಎಂದು ಅವನು ಎದ್ದು ನಿಂತ. “ಹಾಗಾದ್ರೆ ಹೋಗಿ ಬರ್ತೀನಿ ಸಾರ್.”

“ಒಂದ್ನಿಮಿಷ.” ಗುರುಶಾಂತಪ್ಪನವರು ಒಳಗೆ ಹೋಗಿ, ಸೀರೆಯುಟ್ಟು ನಿಂತ ತಮ್ಮ ಕಿರಿ ಮಗಳ ಫೋಟೊ ತಂದು ಅವನ ಜೇಬಿಗೆ ಇಟ್ಟರು. “ಹೆಂಗೂ ಹೋಗ್ತಿದ್ದೀರಲ್ಲ.”