ಫಾರಿನ್ ಪ್ರವಾಸದ ನಮೂನಾ

ಬಸವಕಲ್ಯಾಣದ ತೊಗರಿ ಅಡತಿ ವ್ಯಾಪಾರಿ ಸಂಜೀವಕುಮಾರ ಆ ದಿನ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುಂಚೆಯೇ ಘೋಷಿಸಿಬಿಟ್ಟ.

"ಈ ದಸರಾ ಸೂಟಿಗಿ ನಾವು ಫಾರಿನ್‌ಗೆ ಹೋಗಾಕತ್ತೇವಿ! ಎಲ್ಲಿಗಿ ಅನ್ನೋದು ನಾ ಹೇಳಿದ್ದೇ ಫೈನಲ್. ಸ್ವೀಡನ್ ದೇಶದ ಸ್ಟಾಕ್‌ಹೋಮ್!"

ಹೆಂಡತಿ ವಿದ್ಯಾವತಿಯ ರೊಟ್ಟಿ ಹಂಚಿನ ಮೇಲೆಯೇ ಕರಕಾಯಿತು. ಮದುವೆಯಾದಂದಿನಿಂದ ಅವಳು ನೋಡಿದ ಅತಿ ದೂರದ ಊರೆಂದರೆ ಸೊಲ್ಲಾಪುರ. ಅದೂ ಹಲ್ಲು ಕೀಳಿಸಿಕೊಳ್ಳಲು! ಹುಮನಾಬಾದಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಡಂ ಅವಳು. ನಕಾಶೆಯ ಮೇಲೆ ಕೋಲಿಟ್ಟು ಸಾವಿರಾರು ಮಕ್ಕಳಿಗೆ ಸಮುದ್ರ ತೋರಿಸಿದ್ದಳೇ ಹೊರತು, ತಾನು ಒಂದರಲ್ಲೂ ಕಾಲಿಟ್ಟಿರಲಿಲ್ಲ. ಪ್ರವಾಸದ ಮಾತೆತ್ತಿದಾಗಲೆಲ್ಲ ಗಂಡ ತೊಗರಿ ಸೀಸನ್ ಎನ್ನುತ್ತಿದ್ದ. ತೊಗರಿ ಮುಗಿದರೆ ಕಡಲೆ. ಈ ವರ್ಷವೂ ತಪ್ಪಿದರೆ ಇನ್ನು ಈ ಜನ್ಮದಲ್ಲಿ ಕೇಳುವುದಿಲ್ಲವೆಂದು ಯುಗಾದಿಯ ದಿನವೇ ಹೇಳಿದ್ದಳು. ಹಾಗೆ ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು.

"ಸ್ಟಾಕ್‌ಹೋಮ್ ಯಾಕ್ರಿ?"

"ತಂಪು! ಕೋಟು ಬೂಟು ಹಾಕ್ಕೊಂಡು ಸಾಹೇಬನಂಗ ತಿರಗತೀನಿ. ಇಲ್ಲಿ ಬಿಸಲಿಗಿ ನನ್ನ ತಲಿ ಕಾದು ಹಂಚಾಗ್ಯದ."

"ನನಗ ದ್ವೀಪ ನೋಡೂದದ. ಥೈಲ್ಯಾಂಡ್ ಕಡೆ ಹೋಗಮಿ. ಹಡಗಿನಾಗ ಕುಂತು ಒಂದು ದ್ವೀಪದಿಂದ ಇನ್ನೊಂದಕ್ಕ, ಅಲ್ಲಿಂದ ಮತ್ತೊಂದಕ್ಕ..."

"ಹಂಗ ಜಿಗಿಯಾಕ ನಾನೇನು ಕಪ್ಪಿ ಏನು?"

"ಹೆಪ್ಪುಗಟ್ಟಾಕ ನಾನೇನು ಮೊಸರೇನು?"

ಮಂಚದ ಮೇಲೆ ಕುಳಿತಿದ್ದ ಸಂಜೀವಕುಮಾರನ ತಾಯಿ ಕಸ್ತೂರಿಬಾಯಿ ನಿಟ್ಟುಸಿರು ಬಿಟ್ಟಳು. "ಹಿಂಗೇ ಜಗಳಾಡ್ಕೋತ ಕುಂದರ್ರಿ. ದಸರಾ ತಾನೇ ಬಂದು ತಾನೇ ಹೋಗ್ತದ."

ಆಗ ವ್ಯಾಪಾರಿಯ ತಲೆ ಓಡಿತು. ಕಾಳು ಕೊಂಡು ಮಾರುವ ಅಡತಿ ಅಂಗಡಿಯಲ್ಲಿ ಯಾರೂ ಚೀಲ ಪೂರ್ತಿ ಸುರಿದು ನೋಡುವುದಿಲ್ಲ. ಒಂದು ಮುಷ್ಟಿ ಕಾಳು ತೆಗೆದು, ಅಂಗೈ ಮೇಲೆ ಊದಿ, ಒಂದನ್ನು ಬಾಯಿಗೆ ಹಾಕಿ ಕಟ್ಟೆಂದು ಕಡಿದು ಇಡೀ ಲಾರಿಯ ಜಾತಕ ಹೇಳಿಬಿಡುತ್ತಾರೆ. ಆ ಮುಷ್ಟಿಗೆ ನಮೂನಾ ಎಂದು ಹೆಸರು. ಸಂಜೀವಕುಮಾರ ನಮೂನಾ ನೋಡದೆ ಏನನ್ನೂ ಒಪ್ಪಿದವನಲ್ಲ. ಹೆಣ್ಣು ನೋಡಲು ಹೋದಾಗಲೂ ಎರಡು ತಟ್ಟೆ ಉಪ್ಪಿಟ್ಟು ಮುಗಿಸಿದ ಮೇಲೆಯೇ ಹೂಂ ಅಂದಿದ್ದ!

"ಫಾರಿನ್ ಇದ್ರೇನಾತು, ಅದೂ ಮಾಲೇ! ಎರಡರ ನಮೂನಾನೂ ಇಲ್ಲೇ ನೋಡಮಿ. ನಿನ್ನ ಮನಸಿಗಿ ಯಾವುದು ಪಾಸಾಗ್ತದೋ ಅದೇ ಪಕ್ಕಾ."

"ಆಮ್ಯಾಲ ಮಾತು ತಿರಗಸಂಗಿಲ್ಲ?"

"ಬಸವಣ್ಣನ ಊರಾಗ ಕುಂತು ಸುಳ್ಳು ಹೇಳ್ತೀನೇನು?"

ಹೇಳಿದ! ಅಂಗಡಿಗೆ ಹೋದವನೇ ಗಲ್ಲಾಪೆಟ್ಟಿಗೆಗೆ ಊದುಬತ್ತಿ ಕೂಡ ಬೆಳಗದೆ ಎರಡು ಫೋನು ಮಾಡಿದ. ನಮೂನಾ ತೋರಿಸುವವರಿಗೆ ಇನ್ನೊಂದು ವಿದ್ಯೆಯೂ ಗೊತ್ತಿರುತ್ತದೆ: ಗಟ್ಟಿ ಕಾಳು ಮೇಲೆ, ಜೊಳ್ಳು ಕೆಳಗೆ.

ಮೊದಲ ಫೋನು ಹುಮನಾಬಾದಿನಲ್ಲಿ ಕೋಲ್ಡ್ ಸ್ಟೋರೇಜ್ ನಡೆಸುವ ಗೆಳೆಯ ಏಜಾಜ್‌ಗೆ. "ಭಾಯಿ, ಥಂಡಿ ಕಮ್ಮಿ ಇಡು. ಖುರ್ಚಿ ಹಾಕು, ಚಹಾ ತರಸು. ನಮ್ಮಾಕಿಗಿ ಸ್ವೀಡನ್ ಅಂದ್ರ ಸ್ವರ್ಗ ಅನಸಬೇಕು."

ಎರಡನೆಯದು ಊರ ಹೊರಗಿನ ಕೆರೆಯಲ್ಲಿ ಮೀನು ಹಿಡಿಯುವ ಕಾಸಿಂಗೆ. "ಭಾನುವಾರ ನಡು ಮಧ್ಯಾಹ್ನ ಬರ್ತೀವಿ. ಕೆರಿ ನಡುವಿನ ದಿಬ್ಬಕ್ಕ ಒಯ್ದು ರಾಡಿ ಇದ್ದ ಕಡೆನೇ ಇಳಸು. ನಮ್ಮಾಕಿಗಿ ದ್ವೀಪ ಅಂದ್ರ ಬ್ಯಾಸರ ಆಗಬೇಕು. ಒಂದು ತಾಸು ಬರಲೇಬ್ಯಾಡ. ನಾ ಒದರಿದ್ರೂ ಬರಬ್ಯಾಡ, ಫೋನ್ ಮಾಡಿದ್ರೂ ಎತ್ತಬ್ಯಾಡ!"

ಆಹಾ, ಎಂಥ ರಾಜತಂತ್ರ! ತನ್ನ ಬುದ್ಧಿಗೆ ತಾನೇ ಮೆಚ್ಚಿ ಸಂಜೀವಕುಮಾರ ಸಂಜೆ ಮನೆಗೆ ಜಿಲೇಬಿ ಒಯ್ದ.

ಭಾನುವಾರ ಬೆಳಿಗ್ಗೆ ಹುಮನಾಬಾದಿನ ಸ್ವೀಡನ್ನು. ಹೊರಗೆ ಮೇ ತಿಂಗಳ ಬಿಸಿಲು. ಸ್ವೆಟರನ್ನು ಬೇಕೆಂದೇ ಕಾರಿನಲ್ಲಿ ಬಿಟ್ಟು, ಅರ್ಧ ತೋಳಿನ ಅಂಗಿಯಲ್ಲಿ ಸಂಜೀವಕುಮಾರ ಎದೆಯುಬ್ಬಿಸಿ ನಡೆದ. ವಿದ್ಯಾವತಿ ಅತ್ತೆಯ ಶಾಲು ಹೊದ್ದಿದ್ದಳು. ಬಾಗಿಲಲ್ಲಿ ಏಜಾಜ್ ಗಾಬರಿಯಿಂದ ಅಡ್ಡ ಬಂದ.

"ಸೇಠ್, ಜರಾ ಕೇಳ್ರಿಲ್ಲಿ..."

"ಆಮ್ಯಾಲ, ಆಮ್ಯಾಲ!" ಎಂದು ಸಂಜೀವಕುಮಾರ ಅವನನ್ನು ಸರಿಸಿ ಹೆಂಡತಿಯೊಡನೆ ಒಳಗೆ ನುಗ್ಗಿದ.

ನುಗ್ಗಿದ್ದೇ ತಡ, ಹಲ್ಲುಗಳು ಅವನನ್ನು ಕೇಳದೆ ತಾಳ ಹಾಕತೊಡಗಿದವು! ಮೂಗು ಎಲ್ಲಿದೆಯೆಂದು ಮುಟ್ಟಿ ನೋಡಿಕೊಂಡ. ಬೆರಳಿಗೂ ಗೊತ್ತಾಗಲಿಲ್ಲ, ಮೂಗಿಗೂ ಗೊತ್ತಾಗಲಿಲ್ಲ. ಎರಡೂ ಕಡೆ ಗೋಡೆಯೆತ್ತರ ಒಣಮೆಣಸಿನಕಾಯಿ ಚೀಲ. ಥಂಡಿಯ ಜೊತೆ ಘಾಟು ಸೇರಿ ಸೀನು ಶುರುವಾಯಿತು. ಅಷ್ಟರಲ್ಲಿ ಹಿಂದಿನಿಂದ ಹಮಾಲರು ಧಡ್ ಎಂದು ಹೊರಗಿನಿಂದ ಬಾಗಿಲು ಹಾಕಿದರು. ಥಂಡಿ ಹೊರಗೆ ಹೋಗಬಾರದಲ್ಲ!

ಸಂಜೀವಕುಮಾರನ ಜೀವ ಬಾಯಿಗೆ ಬಂತು. ಓಡಿಹೋಗಿ ಬಾಗಿಲ ಹಿಡಿಕೆಗೆ ಜೋತುಬಿದ್ದು ಎಳೆದ. ಕಾಲು ಗೋಡೆಗೆ ಕೊಟ್ಟು ಎಳೆದ. "ಏಜಾಜ್! ಅಕ್ಷಿ! ಸತ್ತೆನೋ! ಅಕ್ಷಿ! ವೀರಭದ್ರಾ, ಉಳಿಸಪ್ಪಾ, ಬರಿಗಾಲಲ್ಲಿ ನಿನ್ನ ಗುಡಿಗಿ ಬರ್ತೀನಿ!"

"ರೀ, ಎಳೀಬ್ಯಾಡ್ರಿ. ದೂಡ್ರಿ" ಎಂದು ವಿದ್ಯಾವತಿ ಬಂದು ಒಂದು ಅಂಗೈಯಿಂದ ನೂಕಿದಳು. ಬಾಗಿಲು ತೆರೆಯಿತು. ಹೊರಗೆ ಹಮಾಲರು ಸಾಲಾಗಿ ನಿಂತು ಕೇಳಿಸಿಕೊಳ್ಳುತ್ತಿದ್ದರು!

"ಹೊಸ ಮಾಲು ಬಂದದ ಸೇಠ್, ಮಶೀನ್ ಫುಲ್ ಬಿಟ್ಟೀವಿ. ಅದನ್ನೇ ಹೇಳಾಕ ಬಂದಿದ್ದೆ" ಎಂದ ಏಜಾಜ್, ಬಿಸಿ ಚಹಾ ಕೊಡುತ್ತ. "ಆದ್ರೂ ಇದೇನ್ ಥಂಡಿ! ಸ್ವೀಡನ್‌ದಾಗ ಇದಕ್ಕಿಂತ ಭಾಳ ಇರ್ತದಂತ."

ಇದಕ್ಕಿಂತ ಭಾಳ! ಸಂಜೀವಕುಮಾರನ ಕೈಯ ಚಹಾ ಅರ್ಧ ಅಂಗಿಗೆ ಹೋಯಿತು. ವಿದ್ಯಾವತಿ ಮಾತ್ರ ಶಾಲು ಸರಿಪಡಿಸಿಕೊಂಡು ಆರಾಮವಾಗಿ ಹೇಳಿದಳು: "ಛಲೋ ಅದ್ರಿ. ಇಷ್ಟು ಹಾಯ್ ಅನಸ್ತದಂತ ನನಗ ಗೊತ್ತೇ ಇರಲಿಲ್ಲ. ಸ್ವೀಡನ್ ಪಾಸು!"

ಬಸವಕಲ್ಯಾಣದ ದಾರಿಯುದ್ದಕ್ಕೂ ಸಂಜೀವಕುಮಾರ ಸ್ವೆಟರಿನೊಳಗಿಂದಲೇ ಮಾತಾಡಿದ. "ವಿದ್ಯಾ, ಖರೇ ಹೇಳ್ತೀನಿ, ದ್ವೀಪನೇ ಛಲೋ. ಥೈಲ್ಯಾಂಡ್ ಪಕ್ಕಾ ಮಾಡಮಿ. ಕೆರಿಗಿ ಹೋಗೂದೇ ಬ್ಯಾಡ."

"ನಮೂನಾ ನೋಡದೇ ಮಾಲು ತಗೋತೀರೇನು? ನಡೀರಿ, ನಡೀರಿ."

ಅವಳಿಗೆ ಕಾಣದಂತೆ ಕಾಸಿಂಗೆ ಫೋನು ಮಾಡಿದ. ಮತ್ತೆ ಮಾಡಿದ. ಕಾಸಿಂ ಮಾತಿಗೆ ತಪ್ಪದ ಮನುಷ್ಯ, ಎತ್ತಲೇ ಇಲ್ಲ!

ಬೇಸಿಗೆಗೆ ಕೆರೆ ಇಳಿದು ನಡುವೆ ಜಾಲಿಗಿಡದ ದಿಬ್ಬ ಎದ್ದಿತ್ತು. ದೋಣಿಯಲ್ಲಿ ಸಂಜೀವಕುಮಾರ ಹುಬ್ಬು ಕುಣಿಸಿ, ತಲೆ ಅಲ್ಲಾಡಿಸಿ, ಬೇಡ ಬೇಡ ಎಂದು ಸನ್ನೆ ಮಾಡಿದ. ಕಾಸಿಂ ಅದಕ್ಕೆಲ್ಲ ಕಣ್ಣು ಮಿಟುಕಿಸಿ, ನೆನಪಿದೆ ಎಂಬಂತೆ ತಲೆದೂಗಿದ. ಸರಿಯಾಗಿ ರಾಡಿಯಲ್ಲೇ ಇಳಿಸಿದ. ವಿದ್ಯಾವತಿ ಸೀರೆ ಎತ್ತಿ ಕಟ್ಟಿ ಹಗುರವಾಗಿ ದಾಟಿದಳು. ಸಂಜೀವಕುಮಾರ ಮೊಣಕಾಲವರೆಗೆ ಹೂತುಹೋದ.

"ಕಾಸಿಂ! ನಿಲ್ಲು! ವಾಪಸ್ ಬಾರೋ!"

ಕಾಸಿಂ ದೂರದಿಂದ ಉತ್ಸಾಹದಿಂದ ಕೈ ಬೀಸಿ ಹುಟ್ಟು ಜೋರು ಮಾಡಿದ!

ಮುಂದಿನ ಒಂದು ತಾಸಿನಲ್ಲಿ ಏನೇನಾಯಿತೆಂದು ಹೇಳಲು ನಾಚಿಕೆಯಾಗುತ್ತದೆ. ಒಂದು ಚಪ್ಪಲಿಯನ್ನು ರಾಡಿ ನುಂಗಿತು. ಇನ್ನೊಂದನ್ನು ಹಿಡಿಯಲು ಬಗ್ಗಿದಾಗ ಜೇಬಿನ ಮೊಬೈಲು ಹೋಯಿತು. ಮೇಲೇಳಲು ಪಕ್ಕದಲ್ಲಿ ಮಲಗಿದ್ದ ಕರಿಯ ಬಂಡೆಗೆ ಕೈ ಹಾಕಿದ. ಬಂಡೆ ಎದ್ದು ನಿಂತು ಬಾಲ ಬೀಸಿತು. ಎಮ್ಮೆ! ಅದು ನೀರಿಗಿಳಿಯಿತು, ಬಾಲ ಹಿಡಿದಿದ್ದ ಸಂಜೀವಕುಮಾರನೂ ಇಳಿದ. ವಿದ್ಯಾವತಿ ಜಾಲಿಯ ನೆರಳಲ್ಲಿ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ, ಕಾಲು ನೀರಿಗೆ ಬಿಟ್ಟು, ಒಂದು ಕೈಯಲ್ಲಿ ಮೊಬೈಲು ಹಿಡಿದು ಕೂತಿದ್ದಳು. ಗಂಡ ಎಮ್ಮೆಯ ಹಿಂದೆ ಸುತ್ತು ಹಾಕುವುದನ್ನು ಕಂಡು ಹೊಟ್ಟೆ ಹಿಡಿದು ನಕ್ಕಳು. ಅಷ್ಟು ಖುಷಿಯಾಗಿ ಅವಳು ನಕ್ಕದ್ದನ್ನು ಅವನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

ಕಾಸಿಂ ದೋಣಿ ತಂದವನು ದಡ ಮುಟ್ಟುವ ಮೊದಲೇ ಕೂಗಿದ.

"ಬರೋಬರ್ ಒಂದು ತಾಸು ಸೇಠ್! ನೀವು ಹೇಳಿದಂಗ ರಾಡಿದಾಗೇ ಇಳಸೀನಿ. ಎಷ್ಟು ಒದರಿದ್ರೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಮೇಡಂ ಬ್ಯಾಸತ್ತರೋ ಇಲ್ಲೋ?"

ಸಂಜೀವಕುಮಾರನಿಗೆ ಸಿಡಿಲು ಬಡಿದಂತಾಯಿತು. ಕಾಪಿ ಹೊಡೆಯುವಾಗ ಸಿಕ್ಕಿಬಿದ್ದ ಹುಡುಗನನ್ನು ನೋಡುವಂತೆ ವಿದ್ಯಾವತಿ ಅವನನ್ನು ನೋಡಿದಳು. ರೊಟ್ಟಿಯ ಗಂಟು ಕಟ್ಟಿಕೊಂಡು ದೋಣಿ ಹತ್ತಿದಳು. ಬೈದಿದ್ದರೆ ವಾಸಿಯಿತ್ತು.

ಸಂಜೆ ಸ್ನಾನ ಮುಗಿಸಿ ಬಂದಾಗ ಅವಳು ಟೂರಿನ ಆಫೀಸಿನವರೊಡನೆ ಫೋನಿನಲ್ಲಿದ್ದಳು. "ಹೌದ್ರಿ, ಸ್ಟಾಕ್‌ಹೋಮ್. ದಸರಾ ಸೂಟಿಗಿ."

ಸಂಜೀವಕುಮಾರನ ಬೆನ್ನುಹುರಿಯಲ್ಲಿ ಮೆಣಸಿನಕಾಯಿ ಗೋದಾಮು ಹಾದುಹೋಯಿತು. "ಮತ್ತ ನಿನ್ನ ದ್ವೀಪ?"

"ಆ ಊರು ದ್ವೀಪಗಳ ಮ್ಯಾಲೇ ಅದಂತ್ರಿ. ದಂಡಿಗಿ ಬಂದ್ರ ಹಡಗ ಸಿಗ್ತಾವ, ಒಂದರಿಂದ ಒಂದಕ್ಕ ಹೋಗ್ಕೋತ ಇರಬಹುದು. ದಿಬ್ಬದ ಮ್ಯಾಲ ಒಂದು ತಾಸು ಖಾಲಿ ಕುಂದರಿಸಿದ್ರಲ್ಲ, ಮೊಬೈಲ್‌ದಾಗ ನೋಡಿದೆ."

ಇಷ್ಟು ದಿನದ ಜಗಳ, ಥಂಡಿ, ಎಮ್ಮೆ, ಎಲ್ಲ ದಂಡ! ಆದರೂ ಗಂಡಸು ಧೈರ್ಯ ತಂದುಕೊಂಡು, "ಆತು ಬಿಡು, ನನಗೊಂದು ದಪ್ಪನ್ನ ಕೋಟು ಹೊಲಸತೀನಿ" ಎಂದ.

ವಿದ್ಯಾವತಿ ಫೋನಿಗೆ ಹೇಳುತ್ತಿದ್ದಳು: "ಇಬ್ಬರೇ ರೀ. ಬರಕೋರಿ, ವಿದ್ಯಾವತಿ. ಇನ್ನೊಬ್ಬರು ನಮ್ಮ ಅತ್ತಿಯವರು, ಕಸ್ತೂರಿಬಾಯಿ."

"ಸಂಜೂ, ನಾವು ಬರೋತನಕ ತುಳಸಿಗಿಡಕ್ಕ ನೀರು ಹಾಕೋದು ಮರೀಬ್ಯಾಡ" ಎಂದಳು ಕಸ್ತೂರಿಬಾಯಿ ಮಂಚದಿಂದ.

"ಮತ್ತ ನಾನು?" ಎಂದ ಸಂಜೀವಕುಮಾರ.

ವಿದ್ಯಾವತಿ ಫೋನಿಗೆ ಕೈ ಅಡ್ಡ ಹಿಡಿದು, ಮೆಲ್ಲಗೆ ಹೇಳಿದಳು: "ಎರಡೂ ಊರು ಪಾಸಾದ್ವು ರೀ. ನಿಮ್ಮ ನಮೂನಾನೂ ಎರಡೂ ಕಡೆ ನೋಡಿದೆ."